ಒಂದೇ ಜಾಗ, 5 ನಿಮಿಷದ ಅಂತರ: ಒಂದು ಕಂಪನ 11 ಕಿ.ಮೀ. ಆಳ, ಇನ್ನೊಂದು 23. ಹೆಂಗೆ ಸಾಧ್ಯ?

ನಂದಿತಪ್ಪಲು
2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಕಡೆ ಎರಡು ಸಲ ನೆಲ ಅದುರಿತ್ತಲ್ಲ, ಅದರ ಅಂಕಿ ಅಂಶ ಇಲ್ಲಿ ಹಾಕ್ತಿದ್ದೀನಿ. ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ ಕೊಟ್ಟಿದ್ದು ಇದು:

7:09ಕ್ಕೆ ತೀವ್ರತೆ 2.9, ಅಕ್ಷಾಂಶ 13.59, ರೇಖಾಂಶ 77.73, ಆಳ 11 ಕಿ.ಮೀ.
7:14ಕ್ಕೆ ತೀವ್ರತೆ 3.0, ಅಕ್ಷಾಂಶ 13.55, ರೇಖಾಂಶ 77.76, ಆಳ 23 ಕಿ.ಮೀ.

ನಕ್ಷೆ ಮೇಲೆ ಎರಡಕ್ಕೂ ಐದೂವರೆ ಕಿ.ಮೀ. ದೂರ. ಅಂದ್ರೆ ಅಕ್ಕಪಕ್ಕದ ಹಳ್ಳಿ. ಆದ್ರೆ ಆಳದಲ್ಲಿ 12 ಕಿ.ಮೀ. ವ್ಯತ್ಯಾಸ. ಐದು ನಿಮಿಷದಲ್ಲಿ ಬಿರುಕು ಅಷ್ಟು ಕೆಳಗೆ ಇಳಿಯಿತಾ? ಇಲ್ಲಾ ಲೆಕ್ಕದಲ್ಲೇ ಏನೋ ಇದೆಯಾ? ಅಲೆಯ ವೇಗ ನಮ್ಮ ಕಡೆ ಕಲ್ಲಿಗೂ ಬೇರೆ ಕಡೆ ಕಲ್ಲಿಗೂ ಬೇರೆ ಅಂತಾರೆ, ಅದು ಇಷ್ಟೊಂದು ಆಟ ಆಡಿಸುತ್ತಾ? ಗೊತ್ತಿರೋರು ಲೆಕ್ಕ ಸಮೇತ ಹೇಳಿ.

ಹುಣಸೆಮರ
ಬೋರ್‌ವೆಲ್ 1500 ಅಡಿ ದಾಟಿದೆ. ಇನ್ನೆರಡು ಬೇಸಿಗೆ ತಡೀರಿ, 11 ಕಿ.ಮೀ. ನಾವೇ ಮುಟ್ಟಿ ನೋಡ್ಕೊಂಡು ಬರ್ತೀವಿ.

ಮೋಹೋಕೆಳಗೆ
ಆಳವನ್ನ ಯಾರೂ ಅಳೆಯಲ್ಲ. ಅಳೆಯೋದು ಒಂದೇ: ಯಾವ ಸ್ಟೇಷನ್‌ಗೆ ಪಿ ಅಲೆ (ಮೊದಲು ಬರೋ ವೇಗದ ಅಲೆ) ಎಷ್ಟೊತ್ತಿಗೆ ಬಂತು, ಎಸ್ ಅಲೆ (ಅದರ ಹಿಂದೆ ಬರೋ ನಿಧಾನದ್ದು) ಎಷ್ಟೊತ್ತಿಗೆ ಬಂತು. ಉಳಿದಿದ್ದೆಲ್ಲ ಗುಣಾಕಾರ ಭಾಗಾಕಾರ. ಆ ಗುಣಾಕಾರದಲ್ಲಿ ಕಲ್ಲಿನ ವೇಗ ನಾವು ಇಟ್ಕೊಂಡ ಊಹೆ.

ಕಂಪನದಿಂದ 70 ಕಿ.ಮೀ. ದೂರದಲ್ಲಿ ಒಂದು ಸ್ಟೇಷನ್ ಇದೆ ಅನ್ನಿ. ಆಳ 11 ಆದ್ರೆ ಓರೆಯಾಗಿ ಅಲೆ ಬರೋ ದೂರ 70.9 ಕಿ.ಮೀ. ಆಳ 23 ಆದ್ರೆ 73.7. ವ್ಯತ್ಯಾಸ 2.8 ಕಿ.ಮೀ. ಪಿ ಅಲೆಗೆ ಸೆಕೆಂಡಿಗೆ 6 ಕಿ.ಮೀ. ಇಟ್ಟರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಮ್ಮಿ. ಆಳದ 12 ಕಿ.ಮೀ. ಎಲ್ಲಾ ಆ ಅರ್ಧ ಸೆಕೆಂಡಿನಲ್ಲಿ ಕೂತಿದೆ.

ಈಗ ವೇಗದ ಕಡೆ ಬನ್ನಿ. 150 ಕಿ.ಮೀ. ದೂರದ ಸ್ಟೇಷನ್‌ಗೆ 6.00 ವೇಗದಲ್ಲಿ 25.0 ಸೆಕೆಂಡ್. ವೇಗ ಬರೀ ನೂರಕ್ಕೆ 2ರಷ್ಟು ಜಾಸ್ತಿ, ಅಂದ್ರೆ 6.12 ಆದ್ರೆ 24.5. ಅದೂ ಅರ್ಧ ಸೆಕೆಂಡ್! ಅಂದ್ರೆ ವೇಗದಲ್ಲಿ ನೂರಕ್ಕೆ 2 ತಪ್ಪು ಮಾಡಿದ್ರೆ, ಆಳದಲ್ಲಿ 12 ಕಿ.ಮೀ. ತಪ್ಪಿದಷ್ಟೇ ತೂಕ.

ಸ್ಟೇಷನ್ 15 ಕಿ.ಮೀ. ಹತ್ತಿರದಲ್ಲಿದ್ರೆ ಕತೆಯೇ ಬೇರೆ. ಆಗ ಓರೆ ದೂರ 18.6 ಮತ್ತು 27.5, ವ್ಯತ್ಯಾಸ ಒಂದೂವರೆ ಸೆಕೆಂಡ್. ಅದನ್ನ ವೇಗದ ತಪ್ಪು ನುಂಗಲಾರದು, ಯಾಕಂದ್ರೆ ಅಷ್ಟು ಹತ್ತಿರದಲ್ಲಿ ವೇಗದ ತಪ್ಪು ಸೇರಿಕೊಳ್ಳೋಕೆ ದೂರವೇ ಇಲ್ಲ. ಅದಕ್ಕೇ ಆಳ ನಂಬಬೇಕು ಅಂದ್ರೆ ಕನಿಷ್ಠ ಒಂದು ಸ್ಟೇಷನ್ ಆಳದ ಒಂದೂವರೆ ಎರಡು ಪಟ್ಟಿನ ಒಳಗೆ ಇರಬೇಕು ಅನ್ನೋದು. ನನ್ನ ಅಭಿಪ್ರಾಯ: 11, 23 ಎರಡನ್ನೂ ಒಂದೇ ಆಳ ಅಂತ ಓದಿದ್ರೂ ಮೋಸ ಇಲ್ಲ.

ಸೊನ್ನೆಸಾಲು
ಒಪ್ಪಲ್ಲ. ಈಗ ಎಲ್ಲಾ ಸ್ಟೇಷನ್‌ಗೂ ಜಿಪಿಎಸ್ ಗಡಿಯಾರ. ಸೆಕೆಂಡಿನ ಸಾವಿರದ ಒಂದು ಭಾಗ ಹಿಡಿಯುತ್ತೆ. ಅರ್ಧ ಸೆಕೆಂಡ್ ತಪ್ಪೋದು ಹಳೇ ಕಾಲದ ಮಾತು.

ಮೋಹೋಕೆಳಗೆ
ಗಡಿಯಾರ ತಪ್ಪಿದೆ ಅಂತ ನಾನು ಹೇಳೇ ಇಲ್ಲ ಸಾರ್. ಬಸ್ಸು ಬಂದ ಹೊತ್ತು ನಿಮ್ಮ ವಾಚಲ್ಲಿ ಕರಾರುವಾಕ್ಕಾಗಿ ಗೊತ್ತಾಗುತ್ತೆ. ದಾರಿಯಲ್ಲಿ ಎಷ್ಟು ಸ್ಪೀಡಲ್ಲಿ ಬಂತು ಅಂತ ವಾಚು ಹೇಳಲ್ಲ.

ಜಗತ್ತಿಗೆಲ್ಲ ಬಳಸೋ ಸರಾಸರಿ ಮಾದರಿ ತಗೊಳ್ಳಿ. 1991ರ ಐಎಎಸ್‌ಪಿ91ರಲ್ಲಿ ಮೇಲಿನ 20 ಕಿ.ಮೀ.ಗೆ ಪಿ ವೇಗ 5.8, ಅದರ ಕೆಳಗೆ 35ರವರೆಗೆ 6.5, ಆಮೇಲೆ ಮ್ಯಾಂಟಲ್ ಶುರು, 8.04. ಮ್ಯಾಂಟಲ್ ಮೇಲಿನ ಈ 35 ಕಿ.ಮೀ. ಕಲ್ಲೇ ಭೂಮಿಯ ತೊಗಟೆ, ಅದರ ಸರಾಸರಿ ತೆಗೆದ್ರೆ 6.08 ಬರುತ್ತೆ. ನಮ್ಮದು 250 ಕೋಟಿ ವರ್ಷ ದಾಟಿದ ಗಟ್ಟಿ ಕಲ್ಲು, ಮೇಲೆ ಮೆತ್ತನೆ ಪದರವೇ ಇಲ್ಲ. ಸರಾಸರಿ 6.4 ಇಟ್ಟರೆ ಅದೇ 35 ಕಿ.ಮೀ. ತೊಗಟೆಯನ್ನ ನೆಟ್ಟಗೆ ಹತ್ತೋಕೆ 5.76 ಸೆಕೆಂಡ್ ಬದಲು 5.47 ಸಾಕು. ದಪ್ಪ ಒಂದೇ ಇದ್ರೂ 0.3 ಸೆಕೆಂಡ್ ಹೋಯ್ತು. ದಪ್ಪವೂ ಬೇರೆ ಆದ್ರೆ?

ತಿಪಟೂರುಕೊಬ್ಬರಿ
ದಪ್ಪ ಬೇರೆನೇ ಅಲ್ವಾ? ತುಮಕೂರು ಜಿಲ್ಲೆ ಪಶ್ಚಿಮ ಭಾಗ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ತೊಗಟೆ ದಪ್ಪ, ಕೋಲಾರದ ಕಡೆ ತೆಳು ಅಂತ ಓದಿದ ನೆನಪು. ಅದರಿಂದ ಎಷ್ಟು ಸೆಕೆಂಡ್ ವ್ಯತ್ಯಾಸ ಬರುತ್ತೆ?

ಮೋಹೋಕೆಳಗೆ
ಈ ಪ್ರಶ್ನೆಗೇ ಕಾಯ್ತಿದ್ದೆ. ಧಾರವಾಡ ಅಂದ್ರೆ ಇಲ್ಲಿ ಊರಲ್ಲ, ನಮ್ಮ ಕಡೆಯ ಹಳೇ ಗಟ್ಟಿ ಕಲ್ಲಿನ ಭೂಭಾಗದ ಹೆಸರು. ಅದರ ಪೂರ್ವ ಭಾಗದಲ್ಲಿ ತೊಗಟೆ ಹೆಚ್ಚುಕಮ್ಮಿ 34ರಿಂದ 38 ಕಿ.ಮೀ. ಪಶ್ಚಿಮದಲ್ಲಿ 40 ದಾಟಿ ಕೆಲವು ಕಡೆ 50ರ ಆಸುಪಾಸು. ಲೆಕ್ಕಕ್ಕೆ 35 ಮತ್ತು 45 ಇಟ್ಕೊಳ್ಳೋಣ. ತೊಗಟೆಯಲ್ಲಿ ವೇಗ 6.4, ಮ್ಯಾಂಟಲ್‌ನಲ್ಲಿ 8.0. ಈ ಎರಡು ಅಂಕಿ ಬೇಕಂತಲೇ ಆರಿಸಿದ್ದು: 6.4 ಭಾಗಿಸು 8.0 ಅಂದ್ರೆ 0.8. ಹೈಸ್ಕೂಲಿನ 3-4-5 ತ್ರಿಕೋನ ಬಂತು, ಕ್ಯಾಲ್ಕುಲೇಟರ್ ಬೇಡ.

ಮೊದಲು ತುಂಬಾ ದೂರದ ಭೂಕಂಪ, ಸುಮಾತ್ರಾನೋ ಜಪಾನೋ. ಅಲೆ ಕೆಳಗಿಂದ ಹೆಚ್ಚುಕಮ್ಮಿ ನೆಟ್ಟಗೆ ಮೇಲೆ ಬರುತ್ತೆ. 10 ಕಿ.ಮೀ. ದಪ್ಪ ಜಾಸ್ತಿ ಅಂದ್ರೆ ಆ 10 ಕಿ.ಮೀ. 8ರ ಬದಲು 6.4ರಲ್ಲಿ ಬರುತ್ತೆ. 1.56 ಕಳೆ 1.25, ಅಂದ್ರೆ 0.3 ಸೆಕೆಂಡ್ ತಡ.

ಈಗ 300 ಕಿ.ಮೀ. ದೂರದ ಕಂಪನ. ಇಲ್ಲಿ ಮೊದಲು ಬರೋದು ಪಿಎನ್. ತೊಗಟೆಯಿಂದ ಓರೆಯಾಗಿ ಇಳಿದು, ಮೋಹೋ (ತೊಗಟೆ, ಮ್ಯಾಂಟಲ್ ನಡುವಿನ ಗಡಿ) ಕೆಳಗೆ ಮ್ಯಾಂಟಲ್‌ನಲ್ಲಿ ಓಡಿ, ಮತ್ತೆ ಓರೆಯಾಗಿ ಹತ್ತೋ ಅಲೆ. ಇದರ ಪ್ರತಿ ಕಾಲಿನ (ಇಳಿಯೋದು ಒಂದು ಕಾಲು, ಹತ್ತೋದು ಇನ್ನೊಂದು) ಹೆಚ್ಚುವರಿ ಸಮಯ ದಪ್ಪ ಗುಣಿಸು 0.6 ಭಾಗಿಸು 6.4. ದಪ್ಪ 35 ಆದ್ರೆ 3.28 ಸೆಕೆಂಡ್. 45 ಆದ್ರೆ 4.22. ವ್ಯತ್ಯಾಸ 0.94!

ಅದೇ 10 ಕಿ.ಮೀ. ದಪ್ಪ ದೂರದ ಭೂಕಂಪಕ್ಕೆ 0.3 ಸೆಕೆಂಡ್ ತಡ ಮಾಡಿದ್ರೆ, ಹತ್ತಿರದ್ದಕ್ಕೆ ಮೂರು ಪಟ್ಟು ತಡ ಮಾಡುತ್ತೆ. ಓರೆ ದಾರಿಯಲ್ಲಿ ಅಲೆ ತೊಗಟೆಯೊಳಗೇ ಜಾಸ್ತಿ ದೂರ ಕಳೆಯೋದೇ ಕಾರಣ. ಪ್ರಾದೇಶಿಕ ಕಂಪನಗಳ ಜಾಗ ಹಿಡಿಯೋದು ಕಷ್ಟ ಅನ್ನೋದರ ಗುಟ್ಟು ಇದೇ.

ತಿಪಟೂರುಕೊಬ್ಬರಿ
ಹಂಗಾದ್ರೆ ಪಶ್ಚಿಮದ ಸ್ಟೇಷನ್‌ಗಳಿಗೆ ಯಾವಾಗ್ಲೂ ಒಂದು ಸೆಕೆಂಡ್ ತಡ. ಜಾಗ ಎತ್ತ ಕಡೆ ಜರುಗುತ್ತೆ?

ಮೋಹೋಕೆಳಗೆ
ಪೂರ್ವಕ್ಕೆ. ಪಶ್ಚಿಮದವರಿಗೆ ತಡವಾಗಿ ಬಂತು ಅಂದ್ರೆ ಕಂಪ್ಯೂಟರ್ "ಓಹೋ, ಅವರಿಂದ ದೂರ ಇದೆ" ಅಂದ್ಕೊಂಡು ಚುಕ್ಕಿಯನ್ನ ಪೂರ್ವಕ್ಕೆ ತಳ್ಳುತ್ತೆ. ಎರಡೂ ಕಡೆ ಸಮನಾಗಿ ಸ್ಟೇಷನ್ ಇದ್ರೆ ಸುಮಾರು ಮೂರೂವರೆ ನಾಲ್ಕು ಕಿ.ಮೀ. ಒಂದೇ ಕಡೆ ಇದ್ರೆ ಇನ್ನೂ ಜಾಸ್ತಿ.

ಏಕಶಿಲೆ
ಸಾರ್, ಒಂದು ತಿದ್ದುಪಡಿ. ಪೂರ್ವ, ಪಶ್ಚಿಮ ಅಂದಾಗ ಜನ ಕ್ಲೋಸ್‌ಪೇಟೆ ಗ್ರಾನೈಟೇ ಗಡಿ ಅಂದ್ಕೋತಾರೆ. ಹಳೇ ಪುಸ್ತಕಗಳೂ ಹಂಗೇ ಬರೆದಿವೆ. ರಾಮನಗರದಿಂದ ಶಿವಗಂಗೆ, ಮಧುಗಿರಿ, ಪಾವಗಡ ದಾಟಿ ಬಳ್ಳಾರಿ ಕಡೆಗೆ 400 ಕಿ.ಮೀ. ಹೋಗೋ ಈ ಪಟ್ಟಿ ಕಣ್ಣಿಗೆ ಕಾಣುತ್ತೆ, ಬೆಟ್ಟ ಸಾಲೇ ನಿಂತಿದೆ, ಅದಕ್ಕೇ ಗಡಿ ಅಂತ ಗೆರೆ ಎಳೆಯೋದು ಸುಲಭ. ಆದ್ರೆ ತೊಗಟೆಯ ದಪ್ಪ ಬದಲಾಗೋದು ಅದಕ್ಕಿಂತ ಪಶ್ಚಿಮಕ್ಕೆ, ಚಿತ್ರದುರ್ಗ ಶಿಸ್ಟ್ (ಪದರ ಪದರದ ಹಳೇ ಕಲ್ಲು) ಪಟ್ಟಿಯ ಪೂರ್ವ ಅಂಚಿನ ಸೀಳುವಲಯದಲ್ಲಿ, ಅಂದ್ರೆ ತೊಗಟೆಯ ತುಂಡುಗಳು ಉಜ್ಜಿಕೊಂಡು ಜರುಗಿದ ಜಾಗದಲ್ಲಿ. ತುಮಕೂರು ಜಿಲ್ಲೆಯಲ್ಲಿ ಅದು ಚಿಕ್ಕನಾಯಕನಹಳ್ಳಿಯ ಪೂರ್ವಕ್ಕೆ ಬರುತ್ತೆ. ಹಂಗಾಗಿ ತಿಪಟೂರು ಒಂದು ಕಡೆ, ಮಧುಗಿರಿ, ಕೊರಟಗೆರೆ ಇನ್ನೊಂದು ಕಡೆ. ಒಂದೇ ಜಿಲ್ಲೆ, ಎರಡು ತೊಗಟೆ.

ಸೊನ್ನೆಸಾಲು
ಪೂರ್ವ, ಪಶ್ಚಿಮ ಅಲ್ಲದೆ ಮಧ್ಯ ಧಾರವಾಡ ಅಂತ ಮೂರನೇ ತುಂಡು ಮಾಡೋರೂ ಇದ್ದಾರಲ್ಲ?

ಏಕಶಿಲೆ
ಇದ್ದಾರೆ. ಕೋಲಾರ, ಕದಿರಿ, ಹುನಗುಂದ ಶಿಸ್ಟ್ ಪಟ್ಟಿಯನ್ನ ಮಧ್ಯ ಮತ್ತು ಪೂರ್ವದ ನಡುವಿನ ಗೆರೆ ಅಂತ ಇಡ್ತಾರೆ. ಆದ್ರೆ ಅದು ಕಲ್ಲಿನ ವಯಸ್ಸು, ರಸಾಯನ ನೋಡಿ ಮಾಡಿದ ವಿಂಗಡಣೆ. ಅಲೆ ಬರೋ ಸಮಯಕ್ಕೆ ಮುಖ್ಯ ಹೆಜ್ಜೆ ಚಿತ್ರದುರ್ಗದ ಹತ್ತಿರದ್ದೇ.

ನಂದಿತಪ್ಪಲು
ಕೋಲಾರ ಶಿಸ್ಟ್ ಪಟ್ಟಿ ಅಂದ್ರಲ್ಲ, ಚಿನ್ನದ ಗಣಿ ಇರೋ ಕಪ್ಪು ಕಲ್ಲು. ಅದು ಭಾರ, ವೇಗವೂ ಜಾಸ್ತಿ. ಪೂರ್ವದಿಂದ ಬರೋ ಅಲೆ ಅದನ್ನ ದಾಟಿ ಬಂದ್ರೆ ಬೇಗ ಬರಬೇಕಲ್ವಾ?

ಏಕಶಿಲೆ
ಬೇಗ ಬರುತ್ತೆ, ಎಷ್ಟು ಅಂತ ನೋಡಿ. ಪಟ್ಟಿ ಉತ್ತರ ದಕ್ಷಿಣ 80 ಕಿ.ಮೀ. ಉದ್ದ, ಅಗಲ ಹೆಚ್ಚಿನ ಕಡೆ 3, 4 ಕಿ.ಮೀ. ಅಷ್ಟೆ. 4 ಕಿ.ಮೀ.ಯನ್ನ ಸುತ್ತಲಿನ ನೈಸ್ (ಪಟ್ಟೆ ಪಟ್ಟೆ ಗ್ರಾನೈಟ್ ಥರದ) ಕಲ್ಲಲ್ಲಿ 6.0 ವೇಗದಲ್ಲಿ ದಾಟೋಕೆ 0.67 ಸೆಕೆಂಡ್, ಆ ಕಪ್ಪು ಆಂಫಿಬೊಲೈಟ್‌ನಲ್ಲಿ 6.8 ಅಂದ್ರೆ 0.59. ಲಾಭ 0.08. ಚಿನ್ನ ಇದ್ರೂ ಸಮಯದ ಲೆಕ್ಕಕ್ಕೆ ಅದು ಚಿಲ್ಲರೆ.

ಉರಿಗಾಂಶಾಫ್ಟ್
ಚಿಲ್ಲರೆ ಅಂತ ತಳ್ಳಿಹಾಕಬೇಡಿ, ಈ ಭಾಗದ ತೊಗಟೆಯ ವೇಗ ಮೊದಲು ಸಿಕ್ಕಿದ್ದೇ ಆ ಪಟ್ಟಿಯಿಂದ. ಕಲ್ಲಿನ ವೇಗದಿಂದ ಅಲ್ಲ, ಗಣಿಯೊಳಗಿನ ಕಲ್ಲು ಸಿಡಿತದಿಂದ.

ಕೆಜಿಎಫ್‌ನಲ್ಲಿ ಅದಕ್ಕೆ ಮೊದಲಿಂದಲೂ ಏರ್‌ಬ್ಲಾಸ್ಟ್ ಅಂತಿದ್ರು. ಗಾಳಿ ಸ್ಫೋಟ ಅಂತ ಅರ್ಥ ಮಾಡ್ಕೋಬೇಡಿ. 3 ಕಿ.ಮೀ.ಗೂ ಆಳದಲ್ಲಿ ಅದಿರು ತೆಗೆದು ಖಾಲಿ ಮಾಡಿದ ಜಾಗದ ಸುತ್ತ ಒತ್ತಡ ತಡೀಲಾರದೆ ಕಲ್ಲು ಸಿಡಿಯೋದು. ಹೊರಗೆ ಅದು ಪಕ್ಕಾ ಸಣ್ಣ ಭೂಕಂಪ. ವ್ಯತ್ಯಾಸ ಒಂದೇ: ಮಾಮೂಲಿ ಭೂಕಂಪದಲ್ಲಿ ಜಾಗವೂ ಗೊತ್ತಿಲ್ಲ, ಹೊತ್ತೂ ಗೊತ್ತಿಲ್ಲ, ವೇಗವೂ ಗೊತ್ತಿಲ್ಲ. ಗಣಿಯಲ್ಲಿ ಜಾಗ ಗೊತ್ತು, ಆಳ ಗೊತ್ತು. ಎರಡು ಗೊತ್ತಿಲ್ಲದ್ದು ಕಮ್ಮಿ ಆದ್ರೆ ಉಳಿದ ವೇಗ ತಾನಾಗೇ ಹೊರಗೆ ಬೀಳುತ್ತೆ.

ಅತ್ತ ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪಮಾಪಕಗಳ ಸಾಲು ಇದೆ. ಕೆಜಿಎಫ್‌ನಿಂದ ಅಲ್ಲಿಗೆ ನೇರ ದೂರ ಸುಮಾರು 116 ಕಿ.ಮೀ. ಈ ಜೋಡಿಯಿಂದ 1971ರಲ್ಲಿ ಸಿಕ್ಕ ಮಾದರಿ ಇದು: ಮೇಲೆ 16 ಕಿ.ಮೀ. ಗ್ರಾನೈಟ್ ಪದರ, ಪಿ 5.67, ಎಸ್ 3.46. ಅದರ ಕೆಳಗೆ 19 ಕಿ.ಮೀ., ಪಿ 6.51, ಎಸ್ 3.96. ಆಮೇಲೆ ಮ್ಯಾಂಟಲ್, ಪಿ 7.98. ಒಟ್ಟು 35 ಕಿ.ಮೀ. ಆಮೇಲೆ ಎಷ್ಟೋ ಹೊಸ ವಿಧಾನ ಬಂದವು, ಈ 35 ಅಲ್ಲಾಡಲಿಲ್ಲ.

ಭೂಗೋಳಮೇಷ್ಟ್ರು
ಪಾಠದಲ್ಲಿ ಮಕ್ಕಳಿಗೆ ಹೇಳಿಕೊಡೋದು ಸುಲಭದ ಸೂತ್ರ: ಎಸ್ ಬಂದ ಹೊತ್ತಿನಿಂದ ಪಿ ಬಂದ ಹೊತ್ತು ಕಳೆದು 8ರಿಂದ ಗುಣಿಸಿ, ಕಿ.ಮೀ. ಬರುತ್ತೆ. ಅದು ಇಲ್ಲಿಗೆ ಹೊಂದುತ್ತಾ?

ಉರಿಗಾಂಶಾಫ್ಟ್
ಇದೇ ಅಂಕಿ ಹಾಕಿ ನೋಡಿ ಮೇಷ್ಟ್ರೇ. 116 ಕಿ.ಮೀ.ಗೆ ಪಿ 20.5 ಸೆಕೆಂಡ್, ಎಸ್ 33.5. ವ್ಯತ್ಯಾಸ 13.1. ಎಂಟರಿಂದ ಗುಣಿಸಿದ್ರೆ 105 ಬರುತ್ತೆ, 11 ಕಿ.ಮೀ. ಖೋತಾ. ಈ ಎರಡು ವೇಗಕ್ಕೆ ಸರಿಯಾದ ಗುಣಕ 8.9. ಗುಣಕ ಎಲ್ಲಿಂದ ಬರುತ್ತೆ ಅಂದ್ರೆ ಪಿ ವೇಗ ಗುಣಿಸು ಎಸ್ ವೇಗ, ಭಾಗಿಸು ಅವೆರಡರ ವ್ಯತ್ಯಾಸ. ಪಿ 6.0, ಎಸ್ 3.47 ಇದ್ರೆ 8.2. ಊರಿಗೊಂದು ಗುಣಕ. ಮಕ್ಕಳಿಗೆ 8 ಹೇಳಿ, ತಪ್ಪಿಲ್ಲ, ಆದ್ರೆ ಅದು ಬರೆದಿಟ್ಟ ಶಾಸನ ಅಲ್ಲ ಅಂತಾನೂ ಹೇಳಿ.

ಮೋಹೋಕೆಳಗೆ
ಆ 116 ಕಿ.ಮೀ. ಇನ್ನೊಂದು ಕಾರಣಕ್ಕೆ ಕಿರಿಕ್ ದೂರ. ಅದೇ ಮಾದರಿಯಲ್ಲಿ ಮೇಲಿನ ಪದರದಲ್ಲೇ ನೇರ ಬರೋ ಪಿ ಅಲೆಗೆ 20.46 ಸೆಕೆಂಡ್. 16 ಕಿ.ಮೀ. ಇಳಿದು ಎರಡನೇ ಪದರದಲ್ಲಿ ಓಡಿ ಹತ್ತೋದಕ್ಕೆ 20.59. ಎರಡರ ನಡುವೆ 0.13 ಸೆಕೆಂಡ್. ಕಾಗದದ ಮೇಲೆ ಎರಡೂ ಒಂದರ ಬೆನ್ನಿಗೆ ಒಂದು ಅಂಟಿಕೊಂಡಿರ್ತವೆ. ಇನ್ನು 6, 7 ಕಿ.ಮೀ. ದೂರ ಹೋದ್ರೆ ಸರದಿ ಅದಲುಬದಲು. ಇಂಥ ಜಾಗದಲ್ಲಿ ಮೊದಲ ಮೊಳಕೆ (ಗೆರೆ ಮೊದಲು ಅಲ್ಲಾಡಿದ ಜಾಗ) ಯಾವುದರದ್ದು ಅಂತ ತಪ್ಪು ಹೆಸರಿಟ್ಟರೆ ವೇಗ 5.67ರ ಬದಲು ಇನ್ನೇನೋ ಬರುತ್ತೆ.

ಮೋಹೋಗೂ ಇಂಥದ್ದೇ ಸರದಿ ಇದೆ. ನನ್ನ 6.4, 8.0 ಲೆಕ್ಕದಲ್ಲಿ ಪಿಎನ್ ಮುಂದೆ ಬರೋಕೆ ದೂರ ತೊಗಟೆ ದಪ್ಪದ 6 ಪಟ್ಟು ಆಗಬೇಕು. ಕೋಲಾರದ ಕಡೆ 210 ಕಿ.ಮೀ., ತಿಪಟೂರಿನ ಕಡೆ 270. ನಡುವೆ 240 ಕಿ.ಮೀ. ದೂರದ ಸ್ಟೇಷನ್ ಇದ್ರೆ ಪೂರ್ವದ ದಾರಿಯಲ್ಲಿ ಮೊದಲು ಬಂದಿದ್ದು ಪಿಎನ್, ಪಶ್ಚಿಮದ ದಾರಿಯಲ್ಲಿ ಮೊದಲು ಬಂದಿದ್ದು ಪಿಜಿ, ಅಂದ್ರೆ ತೊಗಟೆಯೊಳಗೇ ನೇರ ಬರೋ ಪಿ. ಅಲೆ ಬಂದ ಹೊತ್ತನ್ನ ತಂತಾನೆ ಗುರುತಿಸೋ (ಪಿಕ್ ಮಾಡೋ) ಸಾಫ್ಟ್‌ವೇರ್ ಎರಡಕ್ಕೂ ಬರೀ ಪಿ ಅಂತ ಬರೆದು ಕೈತೊಳ್ಕೊಳ್ಳುತ್ತೆ.

ಎಲ್‌ಸಾಲು
ಹೆಸರಿಡೋ ಗೊಂದಲಕ್ಕೆ ಮದ್ದು ಸಾಲು ಸ್ಟೇಷನ್. ಗೌರಿಬಿದನೂರಿನದ್ದು ಇಂಗ್ಲಿಷಿನ ಎಲ್ ಅಕ್ಷರದ ಆಕಾರ. 20 ಮಾಪಕ, ಎರಡೂವರೆ ಕಿ.ಮೀ.ಗೊಂದು, ಎರಡು ತೋಳು. ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಕಾರದಲ್ಲಿ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ಹಾಕಿದ್ದು. ಇದೇ ಮಾದರಿಯವು ಸ್ಕಾಟ್‌ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವರಮುಂಗಾದಲ್ಲಿವೆ. ನೆಲದಡಿಯ ಅಣು ಪರೀಕ್ಷೆ ಹಿಡಿಯೋದೇ ಮೂಲ ಉದ್ದೇಶ.

ಒಂದೇ ಸ್ಟೇಷನ್ ಹೊತ್ತು ಮಾತ್ರ ಹೇಳುತ್ತೆ. ಸಾಲು ಇದ್ರೆ ಅಲೆ ಸಾಲನ್ನ ದಾಟಿದ ವೇಗವೂ ಸಿಗುತ್ತೆ. ತೋಳಿನ ಉದ್ದಕ್ಕೇ ಬಂದ ಅಲೆ 22.5 ಕಿ.ಮೀ.ಯನ್ನ 2.8 ಸೆಕೆಂಡಲ್ಲಿ ದಾಟಿದ್ರೆ ಅದು ಪಿಎನ್, 3.75ರಲ್ಲಿ ದಾಟಿದ್ರೆ ಪಿಜಿ. ಒಂದು ಸೆಕೆಂಡ್ ವ್ಯತ್ಯಾಸ, ಕಣ್ಣಲ್ಲೇ ಕಾಣುತ್ತೆ.

ಸೊನ್ನೆಸಾಲು
ಹಂಗಾದ್ರೆ ಮ್ಯಾಂಟಲ್ ವೇಗ ನೇರವಾಗಿ ಓದ್ಕೋಬಹುದು. ಮಾದರಿ ಗೀದರಿ ಬೇಡ.

ಎಲ್‌ಸಾಲು
ಮೋಹೋ ಮಟ್ಟಸವಾಗಿದ್ರೆ ಮಾತ್ರ ಗುರು. ವಾಲಿದ್ರೆ ಕೈ ಕೊಡುತ್ತೆ. 100 ಕಿ.ಮೀ.ನಲ್ಲಿ 35ರಿಂದ 45ಕ್ಕೆ ಇಳಿದಿದೆ ಅನ್ನಿ, ವಾಲು 5.7 ಡಿಗ್ರಿ. ಅಲೆ ಇಳಿಜಾರಿನ ಕಡೆಗೆ ಓಡಿದ್ರೆ ಸಾಲಿಗೆ ಕಾಣೋ ವೇಗ 7.5. ಏರಿನ ಕಡೆಗೆ ಓಡಿದ್ರೆ 8.7. ನಿಜವಾದದ್ದು 8.0. ಒಂದೇ ದಿಕ್ಕಿನ ಕಂಪನ ಇಟ್ಕೊಂಡು "ಇಲ್ಲಿ ಮ್ಯಾಂಟಲ್ ಮೆತ್ತಗಿದೆ" ಅಂತ ಬರೆದುಬಿಟ್ಟರೆ ಮುಗೀತು. ಎರಡೂ ದಿಕ್ಕಿನಿಂದ ನೋಡಬೇಕು, ಆಗ ವಾಲು ಬೇರೆ, ವೇಗ ಬೇರೆ ಆಗುತ್ತೆ.

ಸೊನ್ನೆಸಾಲು
ಸರಿ, ಒಪ್ಪಿದೆ. ಗಡಿಯಾರದ ಮಾತಿಗೂ ಒಪ್ಪಿದ್ದೆ, ಇದು ಎರಡನೇ ಸಲ.

ಹುಣಸೆಮರ
ಈ ವೇದಿಕೆಯಲ್ಲಿ ಒಬ್ಬ ಮನುಷ್ಯ ಒಂದೇ ದಿನ ಎರಡು ಸಲ ಒಪ್ಪಿದ್ದು ಭೂಕಂಪಕ್ಕಿಂತ ಅಪರೂಪ.

ಕ್ರಷರ್‌ಧೂಳು
ಗಣಿ ಮುಚ್ಚಿ 2001ಕ್ಕೇ ಆಯ್ತು. ಈಗ ಗೊತ್ತಿರೋ ಜಾಗದ ಸದ್ದು ಬೇಕಂದ್ರೆ ನಮ್ಮ ಕಲ್ಲು ಕ್ವಾರಿಗಳಿವೆಯಲ್ಲ. ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಬ್ಲಾಸ್ಟಿಂಗ್‌ಗೇನು ಬರ. ಆದ್ರೆ ಬಳಸೋ ರೀತಿ ಗೊತ್ತಿರಬೇಕು.

ಕ್ವಾರಿಯವರು ಹೇಳೋ ಹೊತ್ತನ್ನ ನಂಬಬೇಡಿ. "ಮಧ್ಯಾಹ್ನ ಒಂದಕ್ಕೆ" ಅಂದ್ರೆ ಒಂದಕ್ಕೂ ಇರಬಹುದು, ಒಂದೂ ಹತ್ತಕ್ಕೂ ಇರಬಹುದು. ಬ್ಲಾಸ್ಟ್ ಜಾಗದಿಂದ 100 ಮೀಟರ್ ಆಸುಪಾಸಿನಲ್ಲಿ, ಕಲ್ಲು ಹಾರದ ಕಡೆ, ಜಿಪಿಎಸ್ ಗಡಿಯಾರದ ಮಾಪಕ ಒಂದು ಇಡಿ. ಅದರಲ್ಲಿ ಬಂದ ಮೊದಲ ಮೊಳಕೆಯಿಂದ 0.02 ಸೆಕೆಂಡ್ ಕಳೆದ್ರೆ ಅದೇ ಸಿಡಿದ ಹೊತ್ತು. ಮನೇಲಿಡೋ ರಾಸ್ಪ್‌ಬೆರಿ ಶೇಕ್ ಥರದ ಸಣ್ಣ ಮಾಪಕವೂ ನಡೆಯುತ್ತೆ, ಸೆಕೆಂಡಿಗೆ 100 ಸಲ ಅಳೆಯುತ್ತೆ. ಆದ್ರೆ ಇಂಟರ್‌ನೆಟ್ ಗಡಿಯಾರದಲ್ಲಿ ಬಿಟ್ಟರೆ 0.02 ಸೆಕೆಂಡ್ ಆಚೀಚೆ ಆಗುತ್ತೆ, ಜಿಪಿಎಸ್ ಆಂಟೆನಾ ಸಿಕ್ಕಿಸೋದು ವಾಸಿ. ದಾಖಲೆ ಇರೋದು ವಿಶ್ವಕಾಲಮಾನದಲ್ಲಿ, ಐದೂವರೆ ಗಂಟೆ ಕೂಡಿಸೋದು ಮರೀಬೇಡಿ.

ಎರಡನೇದು ಡಿಲೇ. ಎಲ್ಲಾ ಕುಳಿ ಒಟ್ಟಿಗೆ ಸಿಡಿಸಲ್ಲ, ಕುಳಿಗೊಂದು 17 ಅಥವಾ 25 ಮಿಲಿಸೆಕೆಂಡ್ ಬಿಟ್ಟು ಬಿಟ್ಟು ಸಿಡಿಸ್ತಾರೆ. 40 ಕುಳಿ, 25ರಂತೆ ಅಂದ್ರೆ ಮದ್ದು ಸಿಡಿಯೋದೇ ಒಂದು ಸೆಕೆಂಡ್ ಹೊತ್ತು. ದೂರದ ಸ್ಟೇಷನ್‌ನಲ್ಲಿ ಮೊದಲ ಕುಳಿಯ ಅಲೆ ಸಣ್ಣದು, ಗದ್ದಲದಲ್ಲಿ ಕಾಣಲ್ಲ, ನಡುವಿನ ಕುಳಿಗಳದ್ದು ಸೇರಿ ಎದ್ದಾಗ ಕಾಣುತ್ತೆ. ನೀವು ಅರ್ಧ ಸೆಕೆಂಡ್ ತಡವಾಗಿ ಪಿಕ್ ಮಾಡಿ "ಕಲ್ಲು ನಿಧಾನ" ಅಂತೀರ. ಅದು ಕಲ್ಲಿನ ತಪ್ಪಲ್ಲ. ಆದಷ್ಟು ಕಮ್ಮಿ ಕುಳಿಯ ಬ್ಲಾಸ್ಟ್ ಆರಿಸ್ಕೊಳ್ಳಿ.

ಮೋಹೋಕೆಳಗೆ
ಇದಕ್ಕೆ ಒಂದು ಮಿತಿ ಸೇರಿಸ್ತೀನಿ. ಕ್ವಾರಿ ಬ್ಲಾಸ್ಟು ಕೆಲವು ಹತ್ತು ಕಿ.ಮೀ. ಮಾತ್ರ ಚೆನ್ನಾಗಿ ಕಾಣುತ್ತೆ, ಹಂಗಾಗಿ ಮೇಲಿನ ಪದರದ ವೇಗ ಸಿಗುತ್ತೆ. ಮೋಹೋ ಮುಟ್ಟೋಕೆ 210 ಕಿ.ಮೀ. ಆಚೆ ಕಾಣಬೇಕು, ಅದಕ್ಕೆ ದೊಡ್ಡ ಸ್ಫೋಟ ಬೇಕು. ಎನ್‌ಜಿಆರ್‌ಐನವರು (ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ) 1970ರ ದಶಕದಲ್ಲಿ ಆಂಧ್ರದ ಕಾವಲಿಯಿಂದ ಉಡುಪಿವರೆಗೆ ಸುಮಾರು 600 ಕಿ.ಮೀ. ಗೆರೆ ಎಳೆದು ಸ್ಫೋಟ ಮಾಡಿ ಅಳೆದಿದ್ದು ಅದಕ್ಕೇ. ಕರಾವಳಿಯಿಂದ ಕರಾವಳಿಗೆ.

ಭೂಗೋಳಮೇಷ್ಟ್ರು
ಸ್ಫೋಟ ಇಲ್ಲದೆ ದಪ್ಪ ತಿಳಿಯೋಕೆ ಆಗಲ್ವಾ?

ಎಲ್‌ಸಾಲು
ಆಗುತ್ತೆ. ದೂರದ ದೊಡ್ಡ ಭೂಕಂಪದ ಪಿ ಅಲೆ ಕೆಳಗಿಂದ ಬಂದು ಮೋಹೋ ದಾಟೋವಾಗ ಅದರ ಒಂದು ಪಾಲು ಎಸ್ ಆಗಿ ಬದಲಾಗುತ್ತೆ. ಅದು ನಿಧಾನ, ಪಿ ಬಂದ ಮೇಲೆ ಬರುತ್ತೆ. ಎಷ್ಟು ಹೊತ್ತಾದ ಮೇಲೆ ಅನ್ನೋದೇ ದಪ್ಪದ ಅಳತೆ. 35 ಕಿ.ಮೀ. ಆದ್ರೆ ಸುಮಾರು 4.2 ಸೆಕೆಂಡ್, 45 ಆದ್ರೆ 5.4. ಮೂರು ದಿಕ್ಕಿನ ಬ್ರಾಡ್‌ಬ್ಯಾಂಡ್ ಮಾಪಕ (ನಿಧಾನ, ವೇಗದ ಅಲುಗಾಟ ಎರಡನ್ನೂ ಹಿಡಿಯೋದು) ಒಂದೇ ಸಾಕು, ಆದ್ರೆ ಹತ್ತಾರು ಭೂಕಂಪ ಕೂಡಿಸಬೇಕು.

ಮೋಸ ಎಲ್ಲಿ ಅಂದ್ರೆ ಪಿ, ಎಸ್ ವೇಗದ ಅನುಪಾತದಲ್ಲಿ. ಅದನ್ನ 1.74 ಇಟ್ಟಾಗ 35 ಬಂದಿದ್ದು, 1.84 ಇಟ್ಟರೆ ಅದೇ 4.2 ಸೆಕೆಂಡಿಗೆ 31 ಬರುತ್ತೆ. ಹಂಗಾಗಿ ಮೋಹೋ ಮತ್ತು ನೆಲದ ನಡುವೆ ಒಂದು ಸುತ್ತು ಹೊಡೆದು ಬರೋ ಅಲೆಗಳನ್ನೂ ಸೇರಿಸಿ ದಪ್ಪ, ಅನುಪಾತ ಎರಡನ್ನೂ ಒಟ್ಟಿಗೆ ಹುಡುಕ್ತಾರೆ.

ತಿಪಟೂರುಕೊಬ್ಬರಿ
ಆಳದ್ದೆಲ್ಲ ಆಯ್ತು. ಮಾಪಕದ ಕಾಲಡಿಯ ಮಣ್ಣು? ಕೆರೆ ಅಂಗಳದಲ್ಲಿ ಇಟ್ಟರೆ?

ಕ್ರಷರ್‌ಧೂಳು
ಗರಸು ಮಣ್ಣು, ಕೊಳೆತ ಕಲ್ಲು ಸೇರಿ 20 ಮೀಟರ್ ಅನ್ನಿ. ಪಿ ಅಲೆಗೆ ಸೆಕೆಂಡಿಗೆ 500 ಮೀಟರ್ ವೇಗ ಇದ್ರೆ 0.04 ಸೆಕೆಂಡ್, ಎಸ್‌ಗೆ 250 ಇದ್ರೆ 0.08. ಸಮಯಕ್ಕೆ ಅಷ್ಟೇನೂ ಕಾಟ ಇಲ್ಲ. ಆದ್ರೆ ಅಲೆಯ ಎತ್ತರ ಉಬ್ಬುತ್ತೆ, ತೀವ್ರತೆ ಜಾಸ್ತಿ ಓದುತ್ತೆ. ಬೋರ್‌ವೆಲ್ ಕೇಸಿಂಗ್ ಎಷ್ಟು ಅಡಿ ಇಳಿಸಿದ್ರು ಅಂತ ಅಕ್ಕಪಕ್ಕದವರನ್ನ ಕೇಳಿ. ಗಟ್ಟಿ ಕಲ್ಲು ಎಲ್ಲಿ ಶುರು ಅಂತ ಅದಕ್ಕಿಂತ ಅಗ್ಗದ ಸರ್ವೆ ಇಲ್ಲ. ಕಲ್ಲಿನ ಮೇಲೇ ಸಿಮೆಂಟ್ ಕಟ್ಟೆ ಕಟ್ಟಿ ಇಡೋದು ಒಳ್ಳೇದು, ಪಂಪ್‌ಸೆಟ್ಟಿನಿಂದ ದೂರ.

ಭೂಗೋಳಮೇಷ್ಟ್ರು
ಆ ವರ್ಷ ನವೆಂಬರಲ್ಲಿ ಮಳೆ ಹುಯ್ದು ಕೆರೆ ಕೋಡಿ ಬಿದ್ದಿತ್ತು. ನೀರು ಇಳಿದು ಕಂಪನ ಆಯ್ತು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಆಳ 23 ಅಂದ್ರೆ ಮಳೆ ನೀರಿನ ಮಾತು ನಿಲ್ಲುತ್ತಾ?

ಏಕಶಿಲೆ
ಒಳ್ಳೆ ಪ್ರಶ್ನೆ, ಆಳ ಸರಿಯಾಗಿ ಬೇಕು ಅನ್ನೋದು ಇದಕ್ಕೇ. ಬಿರುಕಿನಲ್ಲಿ ನೀರಿನ ಒತ್ತಡ ಏರಿ ಕಲ್ಲು ಜಾರೋದು ಗಟ್ಟಿ ಕಲ್ಲಿನ ಪ್ರದೇಶದಲ್ಲಿ ಹೊಸದಲ್ಲ. ಆದ್ರೆ ಕೆಲವೇ ವಾರದಲ್ಲಿ ಮಳೆಯ ಪ್ರಭಾವ 23 ಕಿ.ಮೀ. ಕೆಳಗೆ ಮುಟ್ಟಿತು ಅನ್ನೋದು ನುಂಗೋಕೆ ಕಷ್ಟ. 3, 4 ಕಿ.ಮೀ. ಅಂದ್ರೆ ಮಾತು ಬೇರೆ. ಢಂ ಅಂತ ಸದ್ದು ಕೇಳಿಸಿತು ಅಂತ ಹಳ್ಳಿಯವರು ಹೇಳಿದ್ದಿದ್ರೆ ಅದೂ ಕಮ್ಮಿ ಆಳದ ಗುರುತೇ.

ನಂದಿತಪ್ಪಲು
ಸರಿ, ಕೊನೆಗೆ ನನ್ನ ಪ್ರಶ್ನೆಗೇ ಬರೋಣ. ವೇಗದ ಮಾದರಿಯೇ ನೆಟ್ಟಗಿಲ್ಲ ಅಂದಮೇಲೆ ಆ ಎರಡು ಕಂಪನ ಒಂದೇ ಆಳದ್ದಾ ಅಂತ ತೀರ್ಮಾನ ಮಾಡೋದು ಹೆಂಗೆ?

ಮೋಹೋಕೆಳಗೆ
ಮಾದರಿ ಇಲ್ಲದೆಯೂ ಎರಡು ಕೆಲಸ ಆಗುತ್ತೆ.

ಮೊದಲು ವಡಾಟಿ ಗೆರೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಪಿ ಬಂದ ಹೊತ್ತು, ಉದ್ದಕ್ಕೆ ಎಸ್ ಕಳೆ ಪಿ. ಸ್ಟೇಷನ್‌ಗೊಂದು ಚುಕ್ಕಿ. ಉದಾಹರಣೆಗೆ ಒಂದು ಸ್ಟೇಷನ್‌ನಲ್ಲಿ ಪಿ 42.0ನೇ ಸೆಕೆಂಡಿಗೆ, ಎಸ್ ಕಳೆ ಪಿ 7.3. ಇನ್ನೊಂದರಲ್ಲಿ ಪಿ 52.0, ಎಸ್ ಕಳೆ ಪಿ 14.6. ಗೆರೆ ಎಳೆದು ಕೆಳಗೆ ಸೊನ್ನೆ ಮುಟ್ಟಿಸಿದ್ರೆ 32.0. ಕಂಪನ ಶುರುವಾದ ಹೊತ್ತು ಅದೇ, ಎಷ್ಟು ಕಿ.ಮೀ. ವೇಗ ಅಂತ ಕೇಳದೇ ಸಿಕ್ಕಿತು. ಗೆರೆಯ ಏರು 0.73, ಅಂದ್ರೆ ವೇಗದ ಅನುಪಾತ 1.73. ಒಂದು ಚುಕ್ಕಿ ಗೆರೆಯಿಂದ ಹೊರಗೆ ನಿಂತ್ರೆ ಆ ಸ್ಟೇಷನ್ನಿನ ಎಸ್ ಪಿಕ್ ತಪ್ಪಿದೆ ಅಂತ ಅರ್ಥ, ಹತ್ತರಲ್ಲಿ ಒಂಬತ್ತು ಸಲ. ಎಸ್ ಅನ್ನ ಮೇಲೆ ಕೆಳಗೆ ಅಲ್ಲಾಡೋ ಘಟಕದಲ್ಲಿ ಪಿಕ್ ಮಾಡಬೇಡಿ, ಅಡ್ಡ ಘಟಕದಲ್ಲಿ ಮಾಡಿ. ಮೇಲೆ ಕೆಳಗಿನದರಲ್ಲಿ ಎಸ್‌ಗಿಂತ ಮುಂಚೆ ಬರೋ ಬದಲಾದ ಪಿ ಅಲೆಯನ್ನ ಎಸ್ ಅಂತ ತಪ್ಪು ತಿಳಿಯೋದು ಮಾಮೂಲಿ.

ಎರಡನೇದು ಹೋಲಿಕೆ. ಎರಡೂ ಕಂಪನ ಅಕ್ಕಪಕ್ಕ, ಸ್ಟೇಷನ್ ಅದೇ, ದಾರಿಯ ಕಲ್ಲು ಅದೇ. ವೇಗದ ತಪ್ಪು ಎರಡಕ್ಕೂ ಒಂದೇ, ಕಳೆದ್ರೆ ಸೊನ್ನೆ. ಒಂದೇ ಸ್ಟೇಷನ್ನಿನ ಎರಡು ದಾಖಲೆ ತಗೊಂಡು ಪಿ ಮೇಲೆ ಪಿ ಕೂರಿಸಿ. 35 ಕಿ.ಮೀ. ದೂರದ ಸ್ಟೇಷನ್ ಆದ್ರೆ, ಆಳ 11ಕ್ಕೆ ಓರೆ ದೂರ 36.7, ಆಳ 23ಕ್ಕೆ 41.9. ಎಸ್ 0.6 ಸೆಕೆಂಡ್ ಆಚೆ ಬೀಳಬೇಕು. ಎಸ್ ಮೇಲೆ ಎಸ್ ಸರಿಯಾಗಿ ಕೂತುಬಿಟ್ಟರೆ ಆಳ ಹೆಚ್ಚುಕಮ್ಮಿ ಒಂದೇ.

ಸೊನ್ನೆಸಾಲು
ತಡೀರಿ. ಚುಕ್ಕಿಯೇ 5 ಕಿ.ಮೀ. ಜರುಗಿದ್ರೂ ಎಸ್ ಕಳೆ ಪಿ ಬದಲಾಗುತ್ತೆ. ಒಂದು ಸ್ಟೇಷನ್‌ನಿಂದ ಅದು ಆಳವೋ ದೂರವೋ ಹೇಳೋಕಾಗಲ್ಲ.

ಮೋಹೋಕೆಳಗೆ
ಈ ಸಲ ನಾನು ಒಪ್ಪಿದೆ. ಬೇರೆ ಬೇರೆ ದಿಕ್ಕಿನ ಮೂರು ಸ್ಟೇಷನ್ ಬೇಕು. ಪಕ್ಕಕ್ಕೆ ಜರುಗಿದ್ರೆ ಒಂದು ಕಡೆ ಎಸ್ ಕಳೆ ಪಿ ಹೆಚ್ಚಿ ಎದುರು ಕಡೆ ಇಳಿಯುತ್ತೆ. ಆಳಕ್ಕೆ ಹೋಗಿದ್ರೆ ಮೂರರಲ್ಲೂ ಹೆಚ್ಚುತ್ತೆ, ಹತ್ತಿರದ್ದರಲ್ಲಿ ಜಾಸ್ತಿ.

ನಂದಿತಪ್ಪಲು
ಮೂರು ದಿಕ್ಕು ಅಂದ್ರೆ ಗೌರಿಬಿದನೂರು ಪಶ್ಚಿಮಕ್ಕೆ ಆಯ್ತು. ದಕ್ಷಿಣಕ್ಕೆ, ಪೂರ್ವಕ್ಕೆ ಯಾರ ಹತ್ರ ಆ ಬೆಳಗಿನ 7:09, 7:14ರ ಮೂರು ಘಟಕದ ದಾಖಲೆ ಇದೆ? ಇದ್ರೆ ಇಲ್ಲೇ ಹಾಕಿ, ಒಂದರ ಮೇಲೊಂದು ಕೂರಿಸಿ ನೋಡೋಣ.

ಹುಣಸೆಮರ
ಪೂರ್ವಕ್ಕೆ ಚಿಂತಾಮಣಿ ಕಡೆ ಕೇಳಿ. ದಕ್ಷಿಣಕ್ಕೆ ಬೆಂಗಳೂರು, ಅಲ್ಲಿ ಲಾರಿ ಹೋದ್ರೂ 3.0 ತೋರಿಸುತ್ತೆ.